ಗೋದಾಮಿನ ಬಣ್ಣ, ಮನೆಯ ಬಣ್ಣ

ಲೋಧಿ ಕಾಲೋನಿಯ ಖನ್ನಾ ಮಾರ್ಕೆಟ್ಟಿನಿಂದ ಮೆಹರ್‌ಚಂದ್ ಮಾರ್ಕೆಟ್ಟಿನವರೆಗೆ ನಡೆದುಹೋಗುವವರಿಗೆ ಬಣ್ಣದ ವಿಷಯದಲ್ಲಿ ಪೀಠಿಕೆ ಬೇಕಾಗಿಲ್ಲ. 1940ರ ದಶಕದಲ್ಲಿ ಸರ್ಕಾರಿ ನೌಕರರಿಗಾಗಿ ಕಟ್ಟಿದ ಈ ವಸತಿಗಳ ಹೊರಗೋಡೆಗಳ ಮೇಲೆ 2015ರಿಂದೀಚೆಗೆ ಮೂಡಿದ ದೊಡ್ಡ ಚಿತ್ರಗಳನ್ನು ನೋಡಲು ದೂರದೂರದವರು ಬರುತ್ತಾರೆ. ಆದರೆ ಆರೋಗ್ಯದ ದೃಷ್ಟಿಯಿಂದ ವಿಚಾರಿಸಬೇಕಾದುದು ಹಳೆಯ ಮನೆಗಳ ಒಳಗಿರುವ ಬಾಗಿಲು, ಕಿಟಕಿಯ ಸರಳುಗಳ ಬಣ್ಣವನ್ನು. ಅದು ಯಾವ ಡಬ್ಬಿಯಿಂದ ಬಂದಿತೆಂಬುದನ್ನು.

ಬಣ್ಣಗಳಲ್ಲಿ ಎರಡು ಜಾತಿ: ಗೃಹಬಳಕೆಯದು, ಕೈಗಾರಿಕೆಯದು. ಗೋದಾಮಿನ ನೆಲಕ್ಕೆ ಲೇಪ ಬಳಿಯುವುದು ಅಂದಕ್ಕಾಗಿ ಅಲ್ಲ. ಬರಿಯ ಕಾಂಕ್ರೀಟಿನ ನೆಲವು ಕೈಗಾಡಿಗಳ ಉಜ್ಜಾಟಕ್ಕೆ ಸವೆದು ಧೂಳೇಳುತ್ತದೆ, ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಆ ಧೂಳು ದಾಸ್ತಾನಿಟ್ಟ ಧಾನ್ಯದ ಮೇಲೆ, ಔಷಧಿಯ ಪೆಟ್ಟಿಗೆಗಳ ಮೇಲೆ ಕೂರುತ್ತದೆ. ಆದ್ದರಿಂದ ಎಪಾಕ್ಸಿ ರಾಳವನ್ನೂ ಅದನ್ನು ಗಟ್ಟಿಗೊಳಿಸುವ ದ್ರವವನ್ನೂ ಬೆರೆಸಿ ಹಚ್ಚುತ್ತಾರೆ. ಹೊಸ ಕಾಂಕ್ರೀಟಿಗೆ ಸಾಮಾನ್ಯವಾಗಿ 28 ದಿನಗಳಾದರೂ ಕಾಯಬೇಕು. ತೇವ ಉಳಿದರೆ ಲೇಪ ಹಪ್ಪಳದಂತೆ ಏಳುತ್ತದೆ. ಕಬ್ಬಿಣದ ಕಂಬಗಳಿಗೆ ತುಕ್ಕು ಹಿಡಿಯದಿರಲೆಂದು ಕೆಂಪು ಸೀಸವನ್ನೂ, ದಾರಿ ಗುರುತಿಸುವ ಹಳದಿ ಪಟ್ಟೆಗಳಿಗೆ ಸೀಸದ ಕ್ರೋಮೇಟನ್ನೂ ಬಳಸುವ ರೂಢಿ ಬಹು ಹಿಂದಿನದು.

ತೊಡಕಿರುವುದು ಇಲ್ಲಿಯೇ. ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗಗಳನ್ನು ಮೀರಬಾರದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಆದರೆ ಅದು ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಿಗೆ ಮಾತ್ರ ಅನ್ವಯಿಸುತ್ತದೆ. ಕೈಗಾರಿಕೆಯ ಬಣ್ಣ ಆ ಬೇಲಿಯ ಆಚೆಗಿದೆ. ಓಖ್ಲಾದಂಥ ಕಡೆಯ ಯಾವುದೋ ಶೆಡ್ಡಿನಲ್ಲಿ ಮಿಕ್ಕ ಅರ್ಧ ಡಬ್ಬಿ ಅಗ್ಗಕ್ಕೆ ಸಿಕ್ಕಿತೆಂದು ಮಗುವಿನ ಮಂಚಕ್ಕೋ ಬಾಲ್ಕನಿಯ ಸರಳಿಗೋ ಬಳಿದರೆ ಕಾನೂನು ನೀಡಿದ ರಕ್ಷಣೆಯನ್ನು ಕೈಯಾರೆ ಕಳೆದುಕೊಂಡಂತೆ. ಉಳಿತಾಯವೆಂದರೆ ಕೆಲವು ನೂರು ರೂಪಾಯಿ.

ಮಗು ಕಚ್ಚುವ ಸರಳಿನಿಂದ, ನೆಲದ ಧೂಳು ಮೆತ್ತಿದ ಬೆರಳಿನಿಂದ ಸೀಸ ಹೊಟ್ಟೆ ಸೇರುತ್ತದೆ. ನುಂಗಿದ ಸೀಸವನ್ನು ಎಳೆಯ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ರಕ್ತಹೀನತೆ, ಹೊಟ್ಟೆನೋವು, ಕಲಿಕೆಯಲ್ಲಿ ಹಿಂದುಳಿಯುವಿಕೆ ಇದರ ಫಲ. ನಿರಪಾಯವೆನ್ನಬಹುದಾದ ಪ್ರಮಾಣವೇ ಇದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂಳೆಯೆಂಬುದು ಸೀಸದ ಪಾಲಿಗೆ ಮುದ್ದತು ಠೇವಣಿ: ಹತ್ತಾರು ವರ್ಷ ಅಲ್ಲಿ ಕುಳಿತು, ಗರ್ಭಧಾರಣೆಯ ಕಾಲದಲ್ಲೋ ಮುಪ್ಪಿನಲ್ಲೋ ಮತ್ತೆ ರಕ್ತಕ್ಕೆ ಇಳಿಯುತ್ತದೆ. ಈ ವಿಷದ ಬಗೆಗೆ ದೇಶವನ್ನು ಎಚ್ಚರಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಬಳಿಯುವವನ ಕಷ್ಟ ಬೇರೆ. ಎಪಾಕ್ಸಿಯ ದ್ರವ ಚರ್ಮಕ್ಕೆ ಒಗ್ಗದೆ ಒಮ್ಮೆ ಅಲರ್ಜಿ ಉಂಟಾದರೆ, ಅನಂತರ ಒಂದು ಹನಿ ತಾಗಿದರೂ ಕೈ ಕೆಂಪೇರಿ ಬಾಯುತ್ತದೆ; ಕೆಲವರು ಕಸಬನ್ನೇ ಬಿಡಬೇಕಾಗುತ್ತದೆ. ಥಿನ್ನರಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿಯೇ ನಿಲ್ಲುತ್ತದೆ; ಕುಕ್ಕರಗಾಲಿನಲ್ಲಿ ಕುಳಿತು ಬಳಿಯುವವನ ಮೂಗಿಗೆ ನೇರವಾಗಿ ತಾಗುತ್ತದೆ. ತಲೆಸುತ್ತು ಅದರ ಮೊದಲ ಎಚ್ಚರಿಕೆ. ಮೂಗಿಗೆ ಕಟ್ಟಿದ ಕರವಸ್ತ್ರ ಆವಿಯನ್ನು ತಡೆಯದು. ಇದ್ದಿಲಿನ ಶೋಧಕವಿರುವ ಮುಖವಾಡವೇ ಬೇಕು. ಕೆಲಸ ಮುಗಿದ ಮೇಲೆ ಥಿನ್ನರಿನಿಂದಲೇ ಕೈ ತೊಳೆಯುವ ಅಭ್ಯಾಸವಂತೂ ತೀರ ಕೆಟ್ಟದ್ದು. ಸಾಬೂನು, ನೀರು ಸಾಕು.

ದೀಪಾವಳಿಗೆ ಮುಂಚೆ ದೆಹಲಿಯ ಮನೆಮನೆಯಲ್ಲೂ ‘ಸಫೇದಿ’ಯ ಸಂಭ್ರಮ. ಹಳೆಯ ಮನೆಗಳ ಬಾಗಿಲಿನಲ್ಲಿ ಪದರದ ಮೇಲೆ ಪದರವಾಗಿ ಕುಳಿತ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದನ್ನು ಒಣಗಿದ್ದಂತೆಯೇ ಮರಳುಕಾಗದದಿಂದ ಉಜ್ಜಗೊಡಬಾರದು, ಬೆಂಕಿಯಿಂದ ಸುಡಗೊಡಬಾರದು. ನೀರು ಚಿಮುಕಿಸಿ, ಒದ್ದೆಯಾಗಿಯೇ ಕೆರೆಯಬೇಕು. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ದಿನಗಳಲ್ಲಿ ಗರ್ಭಿಣಿಯರೂ ಚಿಕ್ಕ ಮಕ್ಕಳೂ ನೆಂಟರ ಮನೆಯಲ್ಲಿರುವುದು ಲೇಸು. ಬಣ್ಣದ ಕೆಲಸ ಮಾಡಿದವರು ಬಟ್ಟೆ ಬದಲಿಸಿ, ಕೈಕಾಲು ತೊಳೆದ ಅನಂತರವೇ ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆಗಳನ್ನು ಮನೆಯವರ ಬಟ್ಟೆಗಳೊಡನೆ ನೆನೆಹಾಕಬಾರದು.