ಸಂಪಿಗೆ ನೆಡುವ ಮುನ್ನ

ಮಗಳೇ, ಹೊಸ ಮನೆಯ ಅಂಗಳದಲ್ಲಿ ಸಂಪಿಗೆ ನೆಡಬೇಕು ಅಂದೆಯಲ್ಲ, ಕೇಳಿ ಜೀವಕ್ಕೆ ಹಿತವಾಯಿತು. ಆದರೆ ಗಿಡ ತರುವ ಮೊದಲು ಜಾಗ ಗೊತ್ತುಮಾಡಿಕೋ. ನರ್ಸರಿಯ ಕವರಿನಲ್ಲಿ ಮೊಣಕಾಲೆತ್ತರ ನಿಂತಿರುವ ಆ ಗಿಡ ಪಶ್ಚಿಮ ಘಟ್ಟದ ಕಾಡಿನಲ್ಲಿ ನೂರಡಿಗೆ ಬೆಳೆಯುವ ಜಾತಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯ ಬುಡವನ್ನು ಒಮ್ಮೆ ನೋಡಿ ಬಾ; ಕಾಂಪೌಂಡ್ ಗೋಡೆಗೆ ಒತ್ತಿ ನೆಡುವ ಮಾತು ಆಮೇಲೆ ನೀನು ಆಡುವುದಿಲ್ಲ. ಸಂಪು, ಚರಂಡಿ, ಕರೆಂಟ್ ತಂತಿಯಿಂದ ದೂರವಿರಲಿ, ಅರ್ಧ ದಿನವಾದರೂ ಬಿಸಿಲು ಬೀಳಲಿ. ನೆಟ್ಟ ಮೇಲೆ ಕಿತ್ತು ಬೇರೆಡೆ ಇಡುವಂತಿಲ್ಲ. ಸಂಪಿಗೆಯೂ ಮ್ಯಾಗ್ನೋಲಿಯಾ ಬಳಗದ್ದೇ. ಆ ಬಳಗದ ಬೇರು ಬಲು ಮೆತ್ತಗೆ, ಕಡಿದರೆ ಚೇತರಿಸಿಕೊಳ್ಳುವುದು ಕಷ್ಟ.

ಬೀಜದ ಗಿಡ ಹೂ ಬಿಡಲು ಏಳೆಂಟು ವರ್ಷ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಕಸಿ ಗಿಡ ಎರಡು ಮೂರು ವರ್ಷಕ್ಕೇ ಮೊಗ್ಗು ತೋರಿಸುತ್ತದೆ, ಸವರುತ್ತಿದ್ದರೆ ಗಿಡ್ಡಕ್ಕೂ ನಿಲ್ಲುತ್ತದೆ. ನಿನ್ನ 30×40 ಸೈಟಿಗೆ ಕಸಿಯೇ ಸರಿ. ಬಿಳಿ ಸಂಪಿಗೆ ಬೀಜ ಕಟ್ಟುವುದೇ ಅಪರೂಪ, ಅದನ್ನು ಕಸಿ ಇಲ್ಲವೇ ಗೂಟಿ ಕಟ್ಟಿಯೇ ಮಾಡುತ್ತಾರೆ. ಊರಿನ ತೋಟಕ್ಕಾದರೆ ಮಾತ್ರ ಬೀಜದ್ದೇ ಹಾಕು ಅನ್ನುತ್ತೇನೆ. ಅಲ್ಲಿ ಅದು ಮರವಾಗಬೇಕು, ನಿನ್ನ ಮಕ್ಕಳು ಅದರ ನೆರಳಲ್ಲಿ ಆಡಬೇಕು. ಬೀಜದ ಮೇಲಿನ ಕೆಂಪು ಸಿಪ್ಪೆ ಉಜ್ಜಿ ತೊಳೆದು ಕೂಡಲೇ ಬಿತ್ತು, ಒಣಗಿಸಿಟ್ಟ ಬೀಜ ಹುಟ್ಟುವುದು ಕಡಿಮೆ.

ಮುಂಗಾರು ಹಿಡಿದ ಮೇಲೆ ನೆಡು. ಎರಡಡಿ ಗುಂಡಿಗೆ ಕೆಮ್ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಕಸಿಯ ಗಂಟು ಮಣ್ಣಿನ ಮೇಲಿರಲಿ; ಅದರ ಕೆಳಗೆ ಚಿಗುರೊಡೆದರೆ ಚಿವುಟಿ ಹಾಕು, ಬಿಟ್ಟರೆ ಆ ಚಿಗುರೇ ಬಲಿತು ಕಸಿಯ ಕೊಂಬೆ ಸೊರಗುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅಕ್ಕರೆಯಿಂದ ದಿನಾ ಬಿಂದಿಗೆ ಸುರಿದು ಗಿಡ ಕಳೆದುಕೊಂಡವರೇ ಹೆಚ್ಚು. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಮಾತ್ರ ಹಾಕು. ಕಳೆ ತೆಗೆಯುವ ನೆಪದಲ್ಲಿ ಗುದ್ದಲಿ ಆಡಿಸಬೇಡ, ಕೈಯಲ್ಲಿ ಕಿತ್ತು ತರಗೆಲೆ ಹೊದಿಸು.

ಹೂವನ್ನು ಬೆಳಗ್ಗೆಯೇ ಕೊಯ್ಯಬೇಕು. ಕೊಂಬೆ ಪೆಳಸು, ಮಕ್ಕಳನ್ನು ಹತ್ತಲು ಬಿಡಬೇಡ. ಒಂದು ದೋಟಿ ಮಾಡಿಸಿಟ್ಟುಕೋ.

ಎಲೆ ತಿನ್ನುವ ಹುಳು ಕಂಡಾಗ ಔಷಧಿ ಅಂಗಡಿಗೆ ಓಡಬೇಡ. ಕಪ್ಪು ರೆಕ್ಕೆಯಲ್ಲಿ ಹಸಿರು ಚುಕ್ಕೆಯಿರುವ ಚೆಂದದ ಚಿಟ್ಟೆಯೊಂದು ಸಂಪಿಗೆಯ ಎಲೆಯ ಮೇಲೇ ಮೊಟ್ಟೆಯಿಡುತ್ತದೆ, ಅದರ ಮರಿಗಳು ಅವು. ಎಳೆ ಗಿಡದ ಎಲೆಯೆಲ್ಲ ಹೋಗುವಂತಿದ್ದರೆ ಒಂದಷ್ಟನ್ನು ಕೈಯಲ್ಲಿ ಆರಿಸಿ ತೆಗೆ. ಬೆಳೆದ ಮರಕ್ಕೆ ಅವುಗಳಿಂದ ಏನೂ ಆಗದು, ಮತ್ತೆ ಚಿಗುರುತ್ತದೆ. ನೀನು ಮುಡಿಯುವ ಹೂವಮ್ಮ ಅದು, ವಿಷ ಹೊಡೆಯಬೇಡ.