ಕಾರಿನ ಗಾಜಿಗೆ ಫಿಲ್ಮ್: ಕೈಯಾರೆ ಹಚ್ಚುವುದೋ, ಅಂಗಡಿಗೆ ಒಯ್ಯುವುದೋ?

ಏಪ್ರಿಲ್ ಬಂತೆಂದರೆ ಘೋಣಸಗಿ, ತಿಕೋಟಾ, ಬಬಲೇಶ್ವರದ ಕಡೆ ಬಯಲಲ್ಲಿ ನಿಂತ ಕಾರಿನ ಸ್ಟೇರಿಂಗ್ ಮುಟ್ಟಲಾಗದು. ತೋಟ ಸುತ್ತಿ ಬಂದು ಬಾಗಿಲು ತೆಗೆದರೆ ಝಳ ಮುಖಕ್ಕೇ ಹೊಡೆಯುತ್ತದೆ. ಆನ್‌ಲೈನ್‌ನಲ್ಲಿ ರೋಲ್ ತರಿಸಿ ನಾವೇ ಫಿಲ್ಮ್ ಹಚ್ಚೋಣ ಅನ್ನಿಸುವುದು ಆಗಲೇ. ನನ್ನ ಸಲಹೆ ಇಷ್ಟು: ಪಕ್ಕದ ಗಾಜಿಗೆ ಕೈ ಹಾಕಿ, ಹಿಂದಿನ ಮತ್ತು ಮುಂದಿನ ಗಾಜನ್ನು ಕಸುಬುದಾರರಿಗೆ ಬಿಡಿ. ಆದರೆ ಯಾರೇ ಹಚ್ಚಲಿ, ಕಾನೂನು ಒಂದೇ.

2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಷ್ಟೇ ತೆಳುವಾಗಿರಲಿ, ಗಾಜಿನ ಮೇಲೆ ಕರಿ ಫಿಲ್ಮ್ ಹಚ್ಚುವುದನ್ನೇ ನಿಷೇಧಿಸಿತು. ಆಮೇಲೆ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮಕ್ಕೆ ತಿದ್ದುಪಡಿಯಾಗಿ, 2021ರ ಏಪ್ರಿಲ್‌ನಿಂದ ‘ಸೇಫ್ಟಿ ಗ್ಲೇಜಿಂಗ್’ಗೆ, ಅಂದರೆ ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಗಾಜಿಗೂ, ಜಾಗ ಸಿಕ್ಕಿತು. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದವುಗಳಲ್ಲಿ ಶೇ 50 ಬೆಳಕು ಹಾಯಬೇಕು. ಈ ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದು ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅದು ಕೇರಳದ ತೀರ್ಪು. ನಮ್ಮ ಊರಲ್ಲೋ ಗಡಿಯಾಚೆ ಜತ್ತದಲ್ಲೋ ಗಾಡಿ ತಡೆದ ಪೊಲೀಸರು 2012ರ ಆದೇಶವನ್ನೇ ಮುಂದಿಟ್ಟರೆ ಆಶ್ಚರ್ಯವಿಲ್ಲ. ಆದ್ದರಿಂದ ಐಎಸ್ 2553 ಮಾನಕ ನಮೂದಿಸಿದ ಫಿಲ್ಮನ್ನೇ ಕೊಳ್ಳಿ, ಬಿಲ್ಲು ಗಾಡಿಯಲ್ಲೇ ಇರಲಿ. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನ ದಂಡ ಮೊದಲ ಸಲ ₹500ರವರೆಗೆ, ಮತ್ತೆ ಸಿಕ್ಕಿಬಿದ್ದರೆ ₹1,500ರವರೆಗೆ.

ಇಲ್ಲೇ ಬಹಳ ಜನ ಎಡವುವುದು. ‘ಶೇ 50ರ ಫಿಲ್ಮ್, ಕಾನೂನುಬದ್ಧ’ ಎಂದು ಅಂಗಡಿಯವ ಕೊಡುತ್ತಾನೆ. ಆದರೆ ಕಂಪನಿಯಿಂದ ಬಂದ ಗಾಜು ತಾನೇ ಸ್ವಲ್ಪ ಬೆಳಕು ತಡೆಯುತ್ತದೆ. ಬರೀ ಗಾಜು ಶೇ 75 ಬೆಳಕು ಬಿಡುತ್ತಿದ್ದರೆ, ಅದಕ್ಕೆ ಶೇ 50ರ ಫಿಲ್ಮ್ ಸೇರಿದಾಗ ಉಳಿಯುವುದು ಶೇ 37.5 ಮಾತ್ರ. ಶೇ 70ರ ಫಿಲ್ಮ್ ಹಚ್ಚಿದರೆ 52.5, ಪಕ್ಕದ ಗಾಜಿನ ಮಿತಿಯೊಳಗೇ ಬರುತ್ತದೆ. ಇಷ್ಟು ತಿಳಿ ಫಿಲ್ಮ್‌ನಿಂದ ತಂಪೆಲ್ಲಿ ಎನ್ನಬೇಡಿ. ಬಿಸಿಲಿನ ಶಾಖದಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದು. ಅದನ್ನು ತಡೆಯುವುದು ಕಪ್ಪು ಬಣ್ಣವಲ್ಲ, ಸಿರಾಮಿಕ್‌ನಂಥ ಪದರ. ಬಣ್ಣ ಅದ್ದಿದ ಅಗ್ಗದ ಫಿಲ್ಮ್ ಕೆಲ ಬೇಸಿಗೆಗಳಲ್ಲಿ ನೇರಳೆಗೆ ತಿರುಗಿ ಗುಳ್ಳೆ ಏಳುತ್ತದೆ. ಲೋಹದ ಪದರದ ಫಿಲ್ಮ್ ಮುಂದಿನ ಗಾಜಿಗೆ ಬೇಡವೇ ಬೇಡ, ಸೊಲ್ಲಾಪುರ ರಸ್ತೆಯ ಟೋಲ್‌ನಲ್ಲಿ ಫಾಸ್ಟ್ಯಾಗ್ ಓದದೆ ಹೋಗಬಹುದು.

ಕೈಯಾರೆ ಹಚ್ಚುವುದಾದರೆ ನಮ್ಮ ಭಾಗದ ದೊಡ್ಡ ಶತ್ರು ಧೂಳು. ಎರೆಮಣ್ಣಿನ ಒಂದು ಕಣ ಒಳಗೆ ಸಿಕ್ಕಿದರೂ ಅದು ಗುಳ್ಳೆಯಾಗಿ ಶಾಶ್ವತವಾಗಿ ಉಳಿಯುತ್ತದೆ. ಗಾಳಿ ಬೀಸುವ ಅಂಗಳದಲ್ಲಿ ಈ ಕೆಲಸ ಬೇಡ. ಬಾಗಿಲಿರುವ ಶೆಡ್ ಹುಡುಕಿ, ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ. ಬೋರ್‌ವೆಲ್ ನೀರೂ ಆಗದು, ಆರಿದ ಮೇಲೆ ಸುಣ್ಣದ ಕಲೆ ಬಿಡುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು, ಸ್ಪ್ರೇ ಬಾಟಲಿಯಲ್ಲಿ ತುಂಬಿ, ಮಕ್ಕಳ ಶ್ಯಾಂಪೂ ಕೆಲವೇ ಹನಿ ಬೆರೆಸಿ.

ಮೊದಲು ಗಾಜಿನ ಹೊರಮೈಗೆ ನೀರು ಹೊಡೆದು ಫಿಲ್ಮ್ ಹಾಸಿ. ಸುಲಿಯುವ ತೆಳು ಹಾಳೆಯ ಬದಿ ನಿಮ್ಮ ಕಡೆಗಿರಲಿ. ಗಾಜಿನ ಆಕಾರಕ್ಕೆ ಕತ್ತರಿಸಿ, ಕೆಳಗೆ ರಬ್ಬರಿನೊಳಗೆ ಹೋಗಲು ಒಂದು ಇಂಚು ಹೆಚ್ಚು ಬಿಡಿ. ಮೇಲಂಚಿನಲ್ಲಿ ಎರಡು ಮಿಲಿಮೀಟರ್ ಕಡಿಮೆ ಮಾಡಿ, ಇಲ್ಲದಿದ್ದರೆ ಗಾಜು ಏರಿಸಿದಾಗಲೆಲ್ಲ ಅಂಚು ಕಿತ್ತು ಬರುತ್ತದೆ. ನಂತರ ಒಳಮೈಯನ್ನು ಬ್ಲೇಡ್ ಹಾಯಿಸಿ ತೊಳೆಯಿರಿ. ಬಟ್ಟೆಯಿಂದ ಒರೆಸಬೇಡಿ, ನೂಲೆಳೆ ಉಳಿಯುತ್ತದೆ. ರಬ್ಬರ್ ಪಟ್ಟಿಯಿಂದ ನೀರು ಎಳೆಯಿರಿ. ಹಾಳೆ ಸುಲಿಯುವಾಗ ಇಬ್ಬರು ಬೇಕು: ಒಬ್ಬರು ಹಿಡಿಯಲು, ಇನ್ನೊಬ್ಬರು ಅಂಟಿನ ಮೇಲೆ ನೀರು ಹೊಡೆಯುತ್ತಲೇ ಇರಲು. ಗಾಜನ್ನು ಎರಡು ಇಂಚು ಇಳಿಸಿ ಮೇಲಿನ ಭಾಗ ಕೂರಿಸಿ, ಏರಿಸಿ ಕೆಳಭಾಗ ರಬ್ಬರಿನೊಳಗೆ ಸೇರಿಸಿ. ಆಮೇಲೆ ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆಯಿರಿ. ಬೇಸಿಗೆಯಲ್ಲಿ ಕನಿಷ್ಠ ಮೂರು ದಿನ, ಮಳೆಗಾಲದಲ್ಲಿ ಒಂದು ವಾರ ಗಾಜು ಇಳಿಸುವಂತಿಲ್ಲ. ಅಷ್ಟರಲ್ಲಿ ಕಾಣುವ ನೀರಿನ ಮಸುಕು ತಾನೇ ಹೋಗುತ್ತದೆ.

ಹಿಂದಿನ ಗಾಜು ಎರಡೂ ಕಡೆ ಬಾಗಿರುತ್ತದೆ. ಫಿಲ್ಮನ್ನು ಹೀಟ್ ಗನ್‌ನಿಂದ ಕಾಸಿ ಕುಗ್ಗಿಸದೆ ಅದು ಅಲ್ಲಿ ಕೂರುವುದಿಲ್ಲ. ಹೆಚ್ಚು ಕಾಸಿದರೆ ಸುಕ್ಕಾಗುತ್ತದೆ, ಗಾಜೇ ಒಡೆಯಲೂಬಹುದು. ಹಳೆಯ ಫಿಲ್ಮ್ ಕೀಳಲು ಬ್ಲೇಡ್ ಆಡಿಸಿದರೆ ಡಿಫಾಗರ್‌ನ ಗೆರೆಗಳು ಹರಿಯುತ್ತವೆ, ಅವನ್ನು ಸರಿಪಡಿಸುವುದು ದುಬಾರಿ. ವಿಜಯಪುರದಲ್ಲಿ ಕೊಡುವ ಕೂಲಿ ಈ ಕೈಚಳಕಕ್ಕೆ.

ಅಂಗಡಿಗೆ ಹೋದಾಗ ಮುಚ್ಚಿದ ಕೋಣೆಯಲ್ಲಿ ಹಚ್ಚುತ್ತಾರೋ, ರಸ್ತೆ ಬದಿಯಲ್ಲೋ ನೋಡಿ. ವಾರಂಟಿ ಕಾಗದದಲ್ಲಿ ಬಣ್ಣ ಮಾಸುವಿಕೆಯೂ ಸೇರಿದೆಯೇ ಕೇಳಿ. ಕೆಲಸ ಮುಗಿದ ಮೇಲೆ ಗಾಜಿಗೆ ಬೆಳಕಿನ ಮೀಟರ್ ಹಿಡಿಸಿ. ಪಕ್ಕದ ಗಾಜಿನಲ್ಲಿ 50ಕ್ಕಿಂತ ಕಡಿಮೆ ತೋರಿಸಿದರೆ ಹಣ ಕೊಡುವ ಮೊದಲೇ ಬದಲಿಸಲು ಹೇಳಿ. ಮೀಟರೇ ಇಲ್ಲದ ಅಂಗಡಿಗೆ ಗಾಡಿ ಬಿಡಬೇಡಿ.