ಆನ್‌ಲೈನ್ ಅಂಗಡಿಗೆ ಮುನ್ನ ಒಂದು ಲೆಕ್ಕ

ಇಳಕಲ್ ಸೀರೆಯೋ ಮನೆಯ ಚಟ್ನಿಪುಡಿಯೋ, ಆನ್‌ಲೈನ್‌ನಲ್ಲಿ ಮಾರಲು ಹೊರಟಿದ್ದೀರಾ? ವೆಬ್‌ಸೈಟ್ ಮಾಡಿಕೊಡುವವರು ಹೇಳಿದ ಮೊತ್ತವೇ ಪೂರ್ತಿ ಖರ್ಚು ಅಂದುಕೊಳ್ಳಬೇಡಿ. ಡೊಮೇನ್, ಅಂದರೆ ವೆಬ್‌ಸೈಟ್‌ನ ವಿಳಾಸ, ಮೊದಲ ವರ್ಷ ಅಗ್ಗಕ್ಕೆ ಸಿಗಬಹುದು. ನವೀಕರಣದ ದರವನ್ನೂ ಕೇಳಿಕೊಳ್ಳಿ, ನೋಂದಣಿ ನಿಮ್ಮ ಹೆಸರಿನಲ್ಲೇ ಇರಲಿ. ಗ್ರಾಹಕರ ಆನ್‌ಲೈನ್ ಪಾವತಿಯನ್ನು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಶೇ 2 ಶುಲ್ಕ ಹಿಡಿದರೆ, 500 ರೂಪಾಯಿಯ ಮಾರಾಟದಲ್ಲಿ 10 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 11 ರೂಪಾಯಿ 80 ಪೈಸೆ ಹೋಯಿತು. ಪ್ಯಾಕಿಂಗ್, ಕೊರಿಯರ್ ಬೇರೆ. ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ವಾಪಸ್ ಬಂದರೆ ಹೋಗಿಬರುವ ಸಾಗಣೆ ವೆಚ್ಚ ಸಾಮಾನ್ಯವಾಗಿ ನಿಮ್ಮ ತಲೆಗೇ. ಹಾಸಿಗೆ ಇದ್ದಷ್ಟು ಕಾಲು ಚಾಚಿ: ಮೊದಲು ವಾಟ್ಸ್ಆ್ಯಪ್ ಬಿಸಿನೆಸ್‌ನ ಉಚಿತ ಕ್ಯಾಟಲಾಗ್‌ನಲ್ಲಿ ಮಾರಿ ನೋಡಿ. ಆಮೇಲೂ ದುಡ್ಡನ್ನೆಲ್ಲ ವೆಬ್‌ಸೈಟ್‌ಗೇ ಸುರಿಯದೆ, ಆರು ತಿಂಗಳ ನಿರ್ವಹಣೆಗೂ ಜಾಹೀರಾತಿಗೂ ಒಂದಷ್ಟು ತೆಗೆದಿಡಿ.